ಕುರ್ಚಿಯ ಬೆನ್ನಿಗೆ ಅಂಟಿಸಿದ ಹೆಸರು

ಹರಿಪ್ರಿಯಾಳ ಟಿ.ಸಿ. ಅರ್ಜಿಯನ್ನು ನಾನು ಮೂರು ದಿನ ಮೇಜಿನ ಡ್ರಾಯರಿನಲ್ಲಿ ಮುಚ್ಚಿಟ್ಟಿದ್ದೆ. ಲೈಬ್ರರಿಯಿಂದ ಚೀಟಿ ಬಂದಿಲ್ಲ ಎಂದು ಒಂದು ದಿನ, ಸಹಿ ಹಾಕುವವರು ರಜೆಯಲ್ಲಿದ್ದಾರೆ ಎಂದು ಇನ್ನೊಂದು ದಿನ, ಮೂರನೆಯ ದಿನ ಸರ್ವರ್ ಡೌನ್. ಮೂರೂ ಸುಳ್ಳು. ಮಣಿಪಾಲದ ಆಚೆ ಗುಡ್ಡದ ಮೇಲಿರುವ ನಮ್ಮ ಸಣ್ಣ ವಿಶ್ವವಿದ್ಯಾಲಯದಲ್ಲಿ ನನ್ನಂಥ ಕ್ಲರ್ಕಿಗೆ ಇರುವ ಅಧಿಕಾರ ಅಷ್ಟೇ, ಕಾಗದವನ್ನು ತಡಮಾಡುವುದು. ತಡಮಾಡಿದ್ದು ಆ ಹುಡುಗಿಗಾಗಿ ಹೌದು, ಆದರೆ ಲೂಯಿಸಣ್ಣನಿಗಾಗಿ ಇನ್ನೂ ಹೆಚ್ಚು. ಎರಡನೇ ವರ್ಷದ ಬಿ.ಎಸ್ಸಿ. ಅರ್ಧಕ್ಕೆ ಬಿಟ್ಟು ಅವಳು ಹೋದರೆ, ಅದು ತನ್ನ ಕೈಯಿಂದಲೇ ಆದದ್ದು ಎಂದು ಆ ಮನುಷ್ಯ ಕೊನೆಯವರೆಗೂ ನಂಬಿಕೊಂಡಿರುತ್ತಾರೆ.

ಲೂಯಿಸಣ್ಣ ನಮ್ಮ ಸೆಮಿನಾರ್ ಹಾಲಿನ ಅಟೆಂಡರ್. ಹುಟ್ಟಿದ್ದು ಅಜೆಕಾರಿನಲ್ಲಿ, ಈಗ ಮನೆ ಕುಕ್ಕುಂದೂರಿನಲ್ಲಿ, ನಮ್ಮ ಮನೆಯಿಂದ ಮೂರನೆಯ ಗೇಟು. ಹದಿನೆಂಟು ವರ್ಷದಿಂದ ಇಬ್ಬರೂ ಒಂದೇ ಬಸ್ಸಿಗೆ ಹೋಗಿ ಒಂದೇ ಬಸ್ಸಿಗೆ ಬರುವವರು. ಅವರ ಕಥೆ ನನಗೆ ಸಿಕ್ಕಿದ್ದೆಲ್ಲ ಬಸ್ಸಿನಲ್ಲೇ. ಹಿರಿಯಡ್ಕ ಬರುವಷ್ಟರಲ್ಲಿ ಒಂದು ಕಂತು ಮುಗಿಯುತ್ತಿತ್ತು.

ಹದಿನಾರನೇ ವಯಸ್ಸಿನಲ್ಲಿ ಅವರು ಕಾರ್ಕಳ ಬಸ್‌ಸ್ಟ್ಯಾಂಡಿನ ಹಿಂದಿದ್ದ ಒಬ್ಬ ಪೇಂಟರ್ ಕೈಕೆಳಗೆ ಸೇರಿದರು. ಕೆಲಸ, ಬಸ್ಸಿನ ಬೋರ್ಡು ಬರೆಯುವುದು. ಗುರು ಕಲಿಸಿದ್ದು ಒಂದೇ ಪಾಠವಂತೆ: ಬಸ್ಸು ತಿರುವಿನಲ್ಲಿ ಮೂಗು ತೋರಿಸಿದ ಕೂಡಲೇ, ಕನ್ನಡಕ ಮರೆತು ಬಂದ ಅಜ್ಜಿಗೂ ಊರಿನ ಹೆಸರು ಓದಲಿಕ್ಕೆ ಆಗಬೇಕು. ಲೂಯಿಸಣ್ಣ ಇಪ್ಪತ್ತು ವರ್ಷ ಹಾಗೆಯೇ ಬರೆದರು. ಆಮೇಲೆ ಸ್ಟಿಕ್ಕರ್ ಕತ್ತರಿಸುವ ಮಿಷನ್ ಬಂತು, ಬ್ರಷ್ಷುಗಳು ಬಿಸ್ಕತ್ತಿನ ಡಬ್ಬಿ ಸೇರಿದವು. ಈಗಲೂ ಎದುರಿನಿಂದ ಬಸ್ಸು ಬಂದರೆ ಅವರು ಮೊದಲು ನೋಡುವುದು ಅಕ್ಷರವನ್ನು. ನೋಡಿ, 'ಛೆ' ಎಂದು ಮುಖ ತಿರುಗಿಸುವುದು. ಈ 'ಛೆ' ಕೇಳಿ ಕೇಳಿ ನನಗೂ ಸ್ಟಿಕ್ಕರ್ ಅಕ್ಷರ ಕಂಡರೆ ಆಗುವುದಿಲ್ಲ.

ಸೆಮಿನಾರ್ ಹಾಲಿನಲ್ಲಿ ಅವರ ಕೆಲಸ ಕುರ್ಚಿ ಜೋಡಿಸುವುದು. ಮನುಷ್ಯರೆಲ್ಲ ಸಮಾನರು ಎಂದು ಭಾಷಣ ಮಾಡಲಿಕ್ಕೆ ಬರುವವರಿಗೆ ಟರ್ಕಿ ಟವೆಲ್ ಹೊದಿಸಿದ ಕುರ್ಚಿ ಬೇರೆ ಇಡಬೇಕು. ಲೂಯಿಸಣ್ಣ ಇಡುತ್ತಿದ್ದರು, ತೆಗೆಯುತ್ತಿದ್ದರು, ಬೇಸರವೂ ಇಲ್ಲ, ಸಂತೋಷವೂ ಇಲ್ಲ.

ಹೋದ ವರ್ಷ ಪರಮಾನಂದ ಎಂಬ ಎಂ.ಎ. ಹುಡುಗ 'ಜಗಲಿ' ಎಂಬ ಗುಂಪು ಶುರುಮಾಡಿದ. ಕೊಪ್ಪಳ ಕಡೆಯವನು. ಅಪ್ಪ ಅಮ್ಮ ಇಲ್ಲಿಗೆ ಕಟ್ಟಡದ ಕೆಲಸಕ್ಕೆ ಬಂದವರು. ನಮ್ಮ ಸೈನ್ಸ್ ಬ್ಲಾಕಿಗೆ ಅವನ ಅಮ್ಮನೇ ಜಲ್ಲಿ ಹೊತ್ತಿದ್ದಾಳೆ. ಬೇರೆ ಬೇರೆ ಊರಿನ, ಭಾಷೆಯ, ಧರ್ಮದ ಮಕ್ಕಳು ಶನಿವಾರ ಮಧ್ಯಾಹ್ನ ದುಂಡಗೆ ಕೂತು ಮನಸ್ಸು ಬಿಚ್ಚಿ ಮಾತಾಡಬೇಕು ಎಂಬುದು ಅವನ ಆಸೆ. ಮೊದಲ ಎರಡು ಶನಿವಾರ ನಡೆದದ್ದೇ ಬೇರೆ. ಕೇರಳದವರು ಒಂದು ಕಡೆ, ಉಡುಪಿಯವರು ಇನ್ನೊಂದು ಕಡೆ, ಹಿಂದಿಯವರು ಫ್ಯಾನಿನ ಕೆಳಗೆ. ಒಬ್ಬೊಬ್ಬರೂ ತಮ್ಮವರ ಕಿವಿಯಲ್ಲೇ ಮಾತಾಡಿ ಎದ್ದು ಹೋದರು.

ಬಾಗಿಲಲ್ಲಿ ನಿಂತು ನೋಡಿದ ಲೂಯಿಸಣ್ಣನಿಗೆ ತಡೆಯಲಿಲ್ಲ. ಪರಮಾನಂದನಿಂದ ಹೆಸರಿನ ಪಟ್ಟಿ ಇಸಕೊಂಡು ಹೋಗಿ, ಬಿಸ್ಕತ್ತಿನ ಡಬ್ಬಿ ತೆರೆದರು. ಡ್ರಾಯಿಂಗ್ ಹಾಳೆ ಕತ್ತರಿಸಿ ಒಬ್ಬೊಬ್ಬರ ಹೆಸರು ಬರೆದರು. ಹೆಸರಿನ ಕೆಳಗೆ ಊರು ಕೂಡ. ಊರಿಲ್ಲದ ಬೋರ್ಡು ಬರೆದು ಅವರಿಗೆ ಅಭ್ಯಾಸವೇ ಇಲ್ಲ. ಮೂರನೆಯ ಶನಿವಾರ ಆ ಹಾಳೆಗಳನ್ನು ಕುರ್ಚಿಗಳ ಬೆನ್ನಿಗೆ ಅಂಟಿಸಿಟ್ಟರು. ಒಂದೇ ಊರಿನ ಇಬ್ಬರು ಪಕ್ಕಪಕ್ಕ ಬಾರದ ಹಾಗೆ ಜೋಡಿಸಿದ್ದರು. ಮಕ್ಕಳು ನಗಾಡಿಕೊಂಡು ಹೆಸರು ಹುಡುಕಿ ಕೂತರು, ಕೂತ ಮೇಲೆ ಬೇರೆ ದಾರಿಯಿಲ್ಲದೆ ಮಾತಾಡಿದರು. ಆ ಸಂಜೆ ಬಸ್ಸಿನಲ್ಲಿ ಅವರ ಮುಖ ನೋಡಬೇಕಿತ್ತು. "ಮೇಡಂ, ನಾನು ಬರೆದದ್ದಕ್ಕೆ ಇವತ್ತು ಒಂದು ಉಪಯೋಗ ಆಯ್ತು" ಎಂದರು. ಪಾಪ.

ಹರಿಪ್ರಿಯಾಳನ್ನು ಅವರು ಕೂರಿಸಿದ್ದು ಕಾಪುವಿನ ಡುಲ್ಸಿನ್ ಪಕ್ಕ. ಹರಿಪ್ರಿಯಾ ಉಡುಪಿಯವಳು, ಅಪ್ಪ ವಿಷ್ಣುಮೂರ್ತಿಯವರು ಒಂದು ದೇವಸ್ಥಾನದಲ್ಲಿ ಅರ್ಚಕರು. ಬಾಯಿ ಬಿಡದ ಹುಡುಗಿ. ಡುಲ್ಸಿನ್ ಬಾಯಿ ಮುಚ್ಚದ ಹುಡುಗಿ. ತಿಂಗಳೊಳಗೆ ಇಬ್ಬರೂ ಒಂದೇ ಕೊಡೆಯಲ್ಲಿ ಓಡಾಡುವಷ್ಟು ಹತ್ತಿರವಾದರು.

ಜುಲೈಯಲ್ಲಿ ಒಂದು ಶನಿವಾರ ಎಲ್ಲರೂ ಮನೆಯಿಂದ ಬುತ್ತಿ ತಂದು, ಎಂದಿನಂತೆ ತಮ್ಮ ಹೆಸರಿನ ಕುರ್ಚಿಯಲ್ಲೇ ಕೂತು, ಹಂಚಿಕೊಂಡು ಉಣ್ಣುವುದೆಂದಾಯಿತು. ಡುಲ್ಸಿನ್‌ಳ ಅಮ್ಮ ಹರಿಪ್ರಿಯಾಳಿಗಾಗಿಯೇ ಕೆಸುವಿನೆಲೆಯ ಪತ್ರೊಡೆ ಮಾಡಿದ್ದರು. ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಪಾತ್ರೆಯೂ ಹೊಸದು. ಡುಲ್ಸಿನ್ ಬಂದವಳೇ ಅದನ್ನೆಲ್ಲ ಲೂಯಿಸಣ್ಣನಿಗೆ ವರದಿ ಒಪ್ಪಿಸಿದ್ದಳು. ಹರಿಪ್ರಿಯಾ ಅವಳ ಕಡೆಗೆ ತಿರುಗಿ ತುಂಡು ಬಾಯಿಗೆ ಇಡುವಾಗ ಪರಮಾನಂದ ಹಿಂದಿನಿಂದ ಓರೆಯಾಗಿ ಫೋಟೊ ತೆಗೆದು ಗುಂಪಿನ ಪೇಜಿಗೆ ಹಾಕಿದ. ಯಾರ ಹೆಸರನ್ನೂ ಹಾಕಬಾರದು ಎಂಬುದು ಜಗಲಿಯ ನಿಯಮ. ಅವನು ಹಾಕಲೂ ಇಲ್ಲ.

ಫೋಟೊದಲ್ಲಿ ಡುಲ್ಸಿನ್‌ಳ ತೊಡೆಯ ಮೇಲೆ ಎರಡು ಡಬ್ಬಿ. ಒಂದರಲ್ಲಿ ಪತ್ರೊಡೆ, ಇನ್ನೊಂದರಲ್ಲಿ ಹುರಿದ ಬಂಗುಡೆ ಮೀನು. ತುಂಡು ಯಾವ ಡಬ್ಬಿಯದ್ದೆಂದು ಫೋಟೊ ಹೇಳುವುದಿಲ್ಲ. ಕುರ್ಚಿಯ ಬೆನ್ನು ಮಾತ್ರ ಎಲ್ಲವನ್ನೂ ಹೇಳುತ್ತಿತ್ತು: ಹರಿಪ್ರಿಯಾ, ಉಡುಪಿ. ಕನ್ನಡಕ ಮರೆತು ಬಂದ ಅಜ್ಜಿಗೂ ಓದಲಿಕ್ಕೆ ಆಗುವ ಹಾಗೆ.

ಸೋಮವಾರದೊಳಗೆ ಅದು ಯಾರ್ಯಾರದೋ ವಾಟ್ಸಾಪಿನಲ್ಲಿ ಸುತ್ತಿತು. ಕೆಳಗೆ ಒಂದು ಸಾಲು ಸೇರಿಸಿದ ಪುಣ್ಯಾತ್ಮ ಯಾರೆಂದು ಇವತ್ತಿಗೂ ಗೊತ್ತಿಲ್ಲ: 'ಅರ್ಚಕರ ಮಗಳ ನೈವೇದ್ಯ'. ಅವನು ನನ್ನ ಕೈಗೆ ಸಿಕ್ಕಿದ್ದರೆ! ಸಿಕ್ಕಿದ್ದರೆ ಎಂತ ಮಾಡುತ್ತಿದ್ದೆ, ಅದೂ ಗೊತ್ತಿಲ್ಲ. ಜಗಲಿಯನ್ನು ಮುಂದಿನ ಆದೇಶದವರೆಗೆ ನಿಲ್ಲಿಸಿದ ಸುತ್ತೋಲೆ ಬಂತು. ಟೈಪ್ ಮಾಡಿದವಳು ನಾನೇ. ಪರಮಾನಂದ ಫೋಟೊ ಅಳಿಸಿ ನನ್ನ ಮೇಜಿನ ಮುಂದೆ ನಿಂತ. "ನಾ ಯಾರ ಹೆಸರೂ ಹಾಕಿಲ್ಲರೀ ಮೇಡಂ, ಖರೇನ ಹಾಕಿಲ್ಲ" ಎಂದ. ಹಿಂದೆ ಫೈಲು ಹಿಡಿದುಕೊಂಡಿದ್ದ ಲೂಯಿಸಣ್ಣ ಅದನ್ನು ಕೇಳಿಸಿಕೊಂಡರು.

ಭಾನುವಾರ ಅವರು ಪೂಜೆ ಮುಗಿಸಿ ಚರ್ಚಿನಿಂದ ನೇರ ಉಡುಪಿಗೆ ಹೋದರಂತೆ. ಬೇಡ ಎಂದು ಹೆಂಡತಿ ಗ್ಲ್ಯಾಡಿಸ್ ಬಾಯಿ ಬಡಕೊಂಡರೂ ಕೇಳಲಿಲ್ಲ. ಮರುದಿನ ಬಸ್ಸಿನಲ್ಲಿ ನನಗೆ ಹೇಳಿದರು. ವಿಷ್ಣುಮೂರ್ತಿಯವರು ಬೈಯುತ್ತಾರೆ ಎಂದು ತಯಾರಾಗಿ ಹೋಗಿದ್ದರು. ಅವರು ಬೈಯಲಿಲ್ಲ, ಮನೆಯ ಜಗಲಿಯಲ್ಲಿ ಕುರ್ಚಿ ಹಾಕಿ ಮಜ್ಜಿಗೆ ಕೊಟ್ಟರು.

"ಅದು ಪತ್ರೊಡೆ ಭಟ್ರೇ, ನಾನು ಕಣ್ಣಾರೆ ಕಂಡದ್ದು. ಅವಳನ್ನು ಅಲ್ಲಿ ಕೂರಿಸಿದ್ದೂ ನಾನು, ಹೆಸರು ಬರೆದದ್ದೂ ನಾನು" ಎಂದರಂತೆ ಲೂಯಿಸಣ್ಣ.

"ಪತ್ರೊಡೆ ಅಂತ ನನಗೆ ಗೊತ್ತುಂಟು. ಮಗಳು ಸುಳ್ಳು ಹೇಳುವವಳಲ್ಲ" ಎಂದರು ವಿಷ್ಣುಮೂರ್ತಿಯವರು. "ಆದರೆ ಅದು ಎಷ್ಟು ಮಂದಿಯ ಫೋನಿನಲ್ಲಿ ಉಂಟು ಹೇಳಿ? ಒಬ್ಬೊಬ್ಬರ ಮನೆಗೆ ಹೋಗಿ ಪತ್ರೊಡೆ, ಪತ್ರೊಡೆ ಅಂತ ಹೇಳಿಕೊಂಡು ಬರಲಿಕ್ಕೆ ಆಗ್ತದಾ? ನಾನು ಗರ್ಭಗುಡಿಯಿಂದ ಹೊರಗೆ ಬಂದರೆ ಜನ ತೀರ್ಥಕ್ಕೆ ಕೈ ಒಡ್ಡುವ ಮೊದಲು ನನ್ನ ಮುಖ ನೋಡ್ತಾರೆ. ನೀವೇ ಹೇಳಿ, ನಾನು ಎಂತ ಮಾಡಬೇಕು?"

ಲೂಯಿಸಣ್ಣ ಲೋಟ ಕೈಗೆತ್ತಿಕೊಂಡರು. ಮಜ್ಜಿಗೆ ಕುಡಿದು ಬಂದರು. ಬಂಗುಡೆಯೇ ಆಗಿದ್ದರೂ ಏನು ಮುಳುಗುತ್ತಿತ್ತು ಎಂದು ನನಗೆ ಕೇಳಬೇಕೆನಿಸಿತು. ಆದರೆ ಕೇಳುವುದು ಯಾರನ್ನು? ಬಸ್ಸಿನಲ್ಲಿ ಎದುರು ಸೀಟಿನವರು ಕಿವಿ ಕೊಟ್ಟು ಕೂತಿದ್ದರು. ನಾನೂ ದನಿ ತಗ್ಗಿಸಿದೆ.

ಹುಡುಗಿ ಸಾಗರದ ಸೋದರತ್ತೆಯ ಮನೆಯಲ್ಲಿದ್ದು ಅಂಚೆಯ ಮೂಲಕ ಬಿ.ಎ. ಕಟ್ಟುವುದೆಂದು ತೀರ್ಮಾನವಾಯಿತು. ಕೆಮಿಸ್ಟ್ರಿ ಲ್ಯಾಬು ಅಂಚೆಯಲ್ಲಿ ಬರುವುದಿಲ್ಲವಲ್ಲ.

ನಾಲ್ಕನೆಯ ದಿನ ಅಪ್ಪ ಮಗಳು ಇಬ್ಬರೂ ಆಫೀಸಿಗೆ ಬಂದರು. ಇನ್ನು ಸುಳ್ಳು ಉಳಿದಿರಲಿಲ್ಲ. ಟಿ.ಸಿ. ಪ್ರಿಂಟ್ ತೆಗೆದೆ. ಅದನ್ನು ಉದ್ದ ಕವರಿನಲ್ಲಿ ಹಾಕಿ ಕೊಡುವುದು, ಕವರಿನ ಮೇಲೆ ಹೆಸರು ಬರೆಯುವುದು ಲೂಯಿಸಣ್ಣ ಎಂಬುದು ನಮ್ಮಲ್ಲಿ ಹದಿನೆಂಟು ವರ್ಷದ ಪದ್ಧತಿ. ಕವರು ಮುಂದಿಟ್ಟಾಗ ಅವರು ಮೆಲ್ಲಗೆ, "ಇದೊಂದು ನೀವು ಬರೀರಿ ಮೇಡಂ" ಎಂದರು. ನಾನು ಪೆನ್ನು ತೆಗೆದುಕೊಂಡೆ. ಅಷ್ಟರಲ್ಲಿ ಹರಿಪ್ರಿಯಾ, "ಬೇಡ ಮೇಡಂ, ಲೂಯಿಸಣ್ಣನೇ ಬರೆಯಲಿ. ಅವರ ಅಕ್ಷರ ಚೆಂದ ಉಂಟು" ಎಂದಳು. ಸಿಟ್ಟಿನಿಂದಲ್ಲ, ಕುಹಕದಿಂದಲೂ ಅಲ್ಲ. ಅದೇ ತಡೆದುಕೊಳ್ಳಲಿಕ್ಕೆ ಆಗದ್ದು.

ಅವರು ಬರೆದರು. ಸಣ್ಣದಾಗಿ ಬರೆಯಲು ನೋಡಿದರು, ಕೈ ಕೇಳಲಿಲ್ಲ. ಹೆಸರು ಮುಗಿಸಿದ ಮೇಲೆ ಹಳೆಯ ಅಭ್ಯಾಸದಂತೆ ಪೆನ್ನು ಕೆಳಗಿನ ಸಾಲಿಗೆ ಇಳಿಯಿತು, ಅಲ್ಲೇ ನಿಂತಿತು. "ಊರು ಯಾವುದು ಹಾಕುವುದು?" ಎಂದು ಕೇಳಿದರು.

ಹರಿಪ್ರಿಯಾ ಅಪ್ಪನ ಮುಖ ನೋಡಿದಳು. ವಿಷ್ಣುಮೂರ್ತಿಯವರು ಶಲ್ಯದ ತುದಿಯಿಂದ ಕನ್ನಡಕ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ನಾನೇ ಕವರು ಎಳೆದುಕೊಂಡು ಅವರ ಕೈಗೆ ಕೊಟ್ಟೆ.

ಮಳೆ ನಿಂತಿತ್ತು. ಅಪ್ಪ ಮಗಳು ಮೆಟ್ಟಿಲಿಳಿದು ಹೋಗುವುದನ್ನು ನಾನು ಕಿಟಕಿಯಲ್ಲಿ ನೋಡಿದೆ, ಲೂಯಿಸಣ್ಣ ಕೂತಲ್ಲಿಂದ ಏಳಲಿಲ್ಲ. ಕವರು ಅಪ್ಪನ ಕಂಕುಳಲ್ಲಿತ್ತು. ಊರಿಲ್ಲದ ಆ ಹೆಸರನ್ನು ಅವರು ಗೇಟು ದಾಟುವವರೆಗೂ ನನಗೆ ಓದಲಿಕ್ಕೆ ಆಗುತ್ತಿತ್ತು.