ಚೆಂಡಿಯಾದಿಂದ ಬಂದ ಬಾಗಿಲು

ಗಂಡ ತೀರಿಕೊಂಡ ಮೇಲೆ ಅಂಕೋಲೆಯ ಮನೆಯಲ್ಲಿ ನಾನೊಬ್ಬಳೇ. ಬೆಳಿಗ್ಗೆ ಬಸ್ ಹತ್ತಿ ಕಾರವಾರಕ್ಕೆ ಬಂದರೆ ಸಂಜೆಯವರೆಗೂ ನಾನು ನೋಡಿಕೊಳ್ಳುವ ಚಿಕ್ಕ ಮ್ಯೂಸಿಯಂ. ಹಳೆಯ ಬಲೆ, ದೋಣಿಯ ಹುಟ್ಟು, ಒನಕೆ. ಅಲ್ಲಿಯೂ ಮಾತಿಗೆ ಜನ ಸಿಗುವುದು ಅಪರೂಪ.

ಅದನ್ನು ವಿಸ್ತರಿಸುವ ಕೆಲಸ ಶುರುವಾದಾಗ, ಹಳೆಯ ಕಟ್ಟಡ ಕೆಡವುವುದು ಬೇಡವೆಂದು ಆರ್ಕಿಟೆಕ್ಟ್ ಹಟ ಹಿಡಿದರು. ಉಪ್ಪುಗಾಳಿಗೆ ಎಸಿಗಳು ತುಕ್ಕು ಹಿಡಿದು ಮತ್ತೆ ಮತ್ತೆ ಕೆಡುತ್ತಿದ್ದವು. ಹೊಸ ಭಾಗಕ್ಕೆ ಎಸಿಯೇ ಬೇಡ. ಎತ್ತರದ ಹಂಚಿನ ಮಾಡು, ಎದುರುಬದುರು ಕಿಟಕಿ, ಬಿಚ್ಚಿದ ಮನೆಗಳ ಚಿರೆಕಲ್ಲು, ಮರ ಸಾಕು ಎಂದರು. ಅವನ್ನು ಹುಡುಕುವ ಕೆಲಸ ನನ್ನ ಪಾಲಿಗೆ ಬಂತು.

ಹಾಗೆ ಹುಡುಕುತ್ತ ಹೋದಾಗ ಅಮದಳ್ಳಿಯಲ್ಲಿ ಒಬ್ಬ ಹಿರಿಯ ಹೆಂಗಸಿನ ಪರಿಚಯವಾಯಿತು. ಚೆಂಡಿಯಾ ಊರಿನಲ್ಲಿದ್ದ ಅವರ ಮನೆ, ಗದ್ದೆ ಸರ್ಕಾರ ನೌಕಾನೆಲೆಗೆಂದು ತೆಗೆದುಕೊಂಡ ಜಾಗದಲ್ಲಿ ಹೋಗಿದ್ದವು. ಬಿಟ್ಟು ಬರುವಾಗ ಹಲಸಿನ ಮರದ ಮುಂಬಾಗಿಲನ್ನು ಚೌಕಟ್ಟು ಸಮೇತ ಕಿತ್ತು ತಂದಿದ್ದರು. ಹೊಸ ಮನೆಗೆ ಅದು ಕೂರದೆ ಕೊಟ್ಟಿಗೆಯಲ್ಲಿ ಒರಗಿಕೊಂಡಿತ್ತು.

"ತಕಂಡ್ ಹೋಗಿ ತಂಗೀ. ಇಲ್ಲೇ ಇದ್ರೆ ಒರಲೆ ಹುಳ ತಿಂತದೆ. ನಿಲ್ಸಿದ್ ಮೇಲೆ ನಂಗೊಂದ್ಸಲ ತೋರ್ಸಿ, ಆತಾ?"

ಉದ್ಘಾಟನೆಯ ಗದ್ದಲ ಮುಗಿದ ವಾರಕ್ಕೆ ಅವರು ಬಂದರು. ಹೊಸ ಭಾಗಕ್ಕೆ ಕೂರಿಸಿದ್ದ ತಮ್ಮ ಬಾಗಿಲ ಮುಂದೆ ನಿಂತು ಚೌಕಟ್ಟನ್ನು ಸವರಿದರು. ಒಳಗೆ ಕರೆದೊಯ್ದು, ಗಾಳಿ ಹೇಗೆ ಆಡುತ್ತದೆಂದು ತೋರಿಸಲು ನಾನು ಕಾದಿದ್ದೆ.

"ಒಳಗೆ ಬನ್ನಿ ಅಕ್ಕಾ."

"ಬ್ಯಾಡಾ. ಇದ್ನ ದಾಟಿರೆ ನಮ್ಮನೆ ಜಗಲಿ ಸಿಕ್ತಿತ್ತು. ಈಗ ದಾಟಿರೆ ಎಂತಾ ಸಿಕ್ತದೆ?"

ಚಹಾ ತರಿಸಿ, ಹೊರಗಿನ ಮೆಟ್ಟಿಲ ಮೇಲೆ ಅವರ ಪಕ್ಕ ಕೂತೆ.

"ನಿಮ್ಮನೇಲಿ ಯಾರ್ಯಾರು?"

"ನಾನೊಬ್ಬಳೇ."

"ಹಂಗಾರೆ ಸಂಜಿಗೆ ಹೋದ್ರೆ ಬಾಗ್ಲ್ ತೆಗೂಕೆ ಯಾರೂ ಇಲ್ಲ."

ಇಲ್ಲ ಎಂದೆ. ಗಂಡ ತೀರಿಕೊಂಡ ಮೇಲಿನ ಅಷ್ಟು ವರ್ಷಗಳಲ್ಲಿ ಆ ಮಾತನ್ನು ಯಾರೂ ಅಷ್ಟು ನೇರವಾಗಿ ಹೇಳಿರಲಿಲ್ಲ. ಅವರು ನನ್ನ ಕಡೆ ನೋಡದೆ ಚಹಾ ಕುಡಿದು ಮುಗಿಸಿದರು. ಅವರನ್ನು ಬಸ್ಸಿಗೆ ಹತ್ತಿಸಿ ಬಂದು, ಒಂದೊಂದೇ ಕಿಟಕಿ ಮುಚ್ಚಿದೆ.

ಬೇಸಿಗೆಯಲ್ಲೂ ಹೊಸ ಹಾಲ್ ತಂಪಾಗಿತ್ತು. ನೋಡಲು ಬಂದವರು ಬಾಗಿಲನ್ನು ಹೊಗಳಿ ಫೋಟೊ ತೆಗೆದುಕೊಂಡರು. ಅಮದಳ್ಳಿಯ ಅಕ್ಕ ಮಾತ್ರ ಮತ್ತೆ ಬರಲಿಲ್ಲ. ಹೋದ ಭಾನುವಾರ ನಾನೇ ಅಮದಳ್ಳಿಗೆ ಹೋದೆ. ಬಂಗಡೆ ಮೀನಿನ ಸಾರು ಮಾಡಿದ್ದರು. ಬಾಗಿಲಿನ ಮಾತನ್ನು ಇಬ್ಬರೂ ಎತ್ತಲಿಲ್ಲ.