ವಿಜಯಾಳಿಗೆ ಉತ್ತರ ಹೊತ್ತು ಪುಣೆಗೆ

ಬೆಳಗಾವಿಯಲ್ಲಿ ಪುಣೆಯ ಬಸ್ಸು ಹತ್ತುವ ಮೊದಲು ಮನೆಗೆ ವಾಪಸ್ ಹೋಗಿಬಿಡೋಣ ಅನ್ನಿಸಿತು. ಇನ್ನೂ ಬೆಳಕು ಹರಿದಿರಲಿಲ್ಲ, ತಣ್ಣನೆ ಗಾಳಿ ಬೇರೆ. ಆದರೆ ಆರುನೂರು ಚಿಲ್ಲರೆ ಕೊಟ್ಟು ಟಿಕೆಟ್ ತೆಗೆಸಿಯಾಗಿತ್ತು. ಬಿಡಲು ಬಂದಿದ್ದ ಗಂಡ, "ಶಾಲಿಗೆ ಹೊಂಟ ಹುಡುಗಿಗತೆ ಮಾರಿ ಯಾಕ ಮಾಡೀದಿ? ಹತ್ತು, ನಡಿ" ಎಂದು ಬೆನ್ನ ಹಿಂದೆಯೇ ನಿಂತಿದ್ದರು.

ನಾನು ಹತ್ತನೆಯ ತರಗತಿವರೆಗೆ ಓದಿದ್ದು ಪುಣೆಯ ಒಂದು ಕನ್ನಡ ಶಾಲೆಯಲ್ಲಿ. ಅಪ್ಪ ಅಲ್ಲಿ ಗುಮಾಸ್ತರಾಗಿದ್ದರು. ನಮ್ಮ ತರಗತಿಯವರೆಲ್ಲ ಮೂವತ್ತು ವರ್ಷಗಳ ಮೇಲೆ ಒಂದು ಮಧ್ಯಾಹ್ನ ಸೇರುತ್ತೇವೆ, ನೀನು ಬರಲೇಬೇಕು ಎಂದು ಸಹಪಾಠಿ ಪ್ರಹ್ಲಾದ ಫೋನ್ ಮಾಡಿದ್ದ. ಬೇರೆ ಯಾರ ಭಯವೂ ನನಗಿರಲಿಲ್ಲ. ಇದ್ದದ್ದು ವಿಜಯಾ ಒಬ್ಬಳದ್ದು. ಅವಳು ತರಗತಿಗೇ ಮೊದಲು, ಕೂರುತ್ತಿದ್ದದ್ದು ನನ್ನ ಬೆಂಚಿನಲ್ಲಿ. ಫಲಿತಾಂಶದ ದಿನ ನಾನು ಗಣಿತದಲ್ಲಿ ಫೇಲಾಗಿ ಅಳುತ್ತ ನಿಂತಿದ್ದಾಗ ಎಲ್ಲರೆದುರು ಕೇಳಿದ್ದಳು: "ಶಾಂತಾ, ಇನ್ನ ನೀ ಏನ್ ಮಾಡ್ತಿ?" ಅದು ಇಷ್ಟು ವರ್ಷ ಎದೆಯಲ್ಲಿ ಮುಳ್ಳಿನಂತೆ ಚುಚ್ಚುತ್ತಲೇ ಇತ್ತು. ಪ್ರಹ್ಲಾದ ನನ್ನನ್ನು ವಾಟ್ಸಾಪ್ ಗ್ರೂಪಿಗೆ ಸೇರಿಸಿದ್ದ. ವಿಜಯಾಳ ಹೆಸರು ಕಣ್ಣಿಗೆ ಬೀಳುವುದೇ ಬೇಡವೆಂದು ನಾನು ಅದನ್ನು ಒಂದು ದಿನವೂ ತೆರೆದಿರಲಿಲ್ಲ.

ನಿಪ್ಪಾಣಿ ದಾಟುವವರೆಗೆ ಅವಳಿಗೆ ಕೊಡುವ ಉತ್ತರ ಕಟ್ಟಿದೆ. ಬ್ಲೌಸ್ ಹೊಲಿಯುತ್ತೇನೆ, ಸ್ವಂತ ಅಂಗಡಿ ಇದೆ, ಮದುವೆ ಹಂಗಾಮಿನಲ್ಲಿ ಉಸಿರಾಡಲೂ ಪುರಸೊತ್ತಿಲ್ಲ. ಕೊಲ್ಹಾಪುರದಲ್ಲಿ ಬಸ್ಸು ನಿಂತಾಗ ಮಿಸಳ್ ತಿಂದೆ. ಅದರ ಖಾರಕ್ಕೆ ಕಣ್ಣಲ್ಲಿ ನೀರು ಬಂದು ಉತ್ತರವೇ ಮರೆತುಹೋಯಿತು. ಸಾತಾರೆಯ ನಂತರ ಮೋಡ ಕವಿದು, ಖಂಬಾಟಕಿ ಘಾಟಿನಲ್ಲಿ ಮಳೆ ಹಿಡಿಯಿತು. ಕಿಟಕಿ ಮುಚ್ಚಿ ಮತ್ತೆ ಮೊದಲಿನಿಂದ ಶುರು ಮಾಡಿದೆ: "ನಾ ಹೊಲೀತೀನಿ ವಿಜಯಾ. ನಿನ್ನ ಬ್ಲೌಸ್ ಯಾರ್ ಹೊಲದ್ರು? ತೋಳಿಗೆ ಸುಕ್ಕು ಬಿದ್ದಾವ ನೋಡು." ಈ ಕೊನೆಯ ಮಾತು ನನಗೆ ಭಾರೀ ಹಿಡಿಸಿತು. ಹೊಟ್ಟೆಕಿಚ್ಚಿನ ಮಾತೇ ಹೌದು, ಇರಲಿ.

ಕಾತ್ರಜದಲ್ಲಿ ಇಳಿದಾಗ ಮಳೆ ನಿಂತಿತ್ತು. "ಕುಠೇ ಜಾಯಚಂ, ತಾಈ?" ಎಂದು ಎಲ್ಲಿಗೆಂದು ಕೇಳಿದ ರಿಕ್ಷಾದವನಿಗೆ "ಧನಕವಡೀಲಾ" ಎಂದೆ. ಮರೆತಿದ್ದ ಮರಾಠಿ ತಾನಾಗಿ ಬಾಯಿಗೆ ಬಂತು. ಐವತ್ತು ರೂಪಾಯಿಯ ದಾರಿ. ಕೂಟವಿದ್ದದ್ದು ಕರಾವಳಿಯವರೊಬ್ಬರ ಹೋಟೆಲಿನ ಮಹಡಿಯಲ್ಲಿ. ಗಲ್ಲಾದಲ್ಲಿದ್ದ ಯಜಮಾನರು, "ಶಾಲೆಯವರಾ? ಮೇಲೆ ಹೋಗಿ. ಊಟ ಬಿಸಿ ಉಂಟು, ತಡ ಮಾಡ್ಬೇಡಿ" ಎಂದರು.

ಮೆಟ್ಟಿಲು ಹತ್ತುತ್ತ ಸುಕ್ಕಿನ ಮಾತನ್ನು ಇನ್ನೊಮ್ಮೆ ಹೇಳಿಕೊಂಡೆ. ಬಾಗಿಲಲ್ಲಿ ಕಾಲಿಟ್ಟವಳು ಅಲ್ಲೇ ಕಲ್ಲಾದೆ. ಎದುರಿನ ಮೇಜಿನ ಮೇಲೆ ನನ್ನ ಫೋಟೊ! ಎರಡು ಜಡೆ, ಎಣ್ಣೆ ಸುರಿಯುವ ತಲೆ, ಗಂಟಿಕ್ಕಿದ ಮುಖ. ಅದಕ್ಕೆ ಸೇವಂತಿಗೆ ಹಾರ ಹಾಕಿದ್ದರು, ಮುಂದೆ ಊದುಬತ್ತಿ ಉರಿಯುತ್ತಿತ್ತು.

"ಏ ಪ್ರಹ್ಲಾದಾ!" ಎಂದು ಕಿರುಚಿಯೇ ಬಿಟ್ಟೆ. "ನಾ ಇನ್ನೂ ಸತ್ತಿಲ್ಲೋ! ಜೀವಂತ ಬಂದೀನಿ!"

ಎಲ್ಲರೂ ತಿರುಗಿ ನೋಡಿದರು. ನಾನು ನಗುತ್ತಿದ್ದೆ, ಬೇರೆ ಯಾರೂ ನಗಲಿಲ್ಲ. ಬೋಳುತಲೆಯ ಪ್ರಹ್ಲಾದ ಓಡಿ ಬಂದು ಫೋಟೊವನ್ನೂ ನನ್ನನ್ನೂ ನೋಡಿದ.

"ಶಾಂತಾ? ಇದು ನಿಂದೇನು? ಅಯ್ಯಯ್ಯೋ, ಶಾಲಿ ಗ್ರೂಪ್ ಫೋಟೊದಾಗ ಕೆಳಗಿನ ಹೆಸರು ನೋಡೇ ತಗದೀನಲ್ಲ!"

ಆಗ ನೆನಪಾಯಿತು. ಫೋಟೊದವನು ಹೆಸರುಗಳನ್ನು ಸಾಲಾಗಿ ಬರೆದುಕೊಂಡ ಮೇಲೆ, ಎತ್ತರದ ವಿಜಯಾ ಹಿಂದಿನವಳಿಗೆ ಅಡ್ಡವಾಗುತ್ತಾಳೆಂದು ನಮ್ಮಿಬ್ಬರನ್ನು ಅದಲುಬದಲು ನಿಲ್ಲಿಸಿದ್ದ. ಬರೆದ ಹೆಸರುಗಳು ಮಾತ್ರ ಮೊದಲಿನಂತೆಯೇ ಉಳಿದಿದ್ದವು. ಹಾರ ಸರಿಸಿ, ಫೋಟೊದ ಕೆಳಗೆ ಅಂಟಿಸಿದ್ದ ಹೆಸರು ಓದಿದೆ. ವಿಜಯಾ ಎಂದಿತ್ತು.

"ಯಾವಾಗ?" ಎಂದೆ.

"ಯುಗಾದಿ ಆದ ಮ್ಯಾಲೆ. ಹಾರ್ಟ್ ಅಟ್ಯಾಕ್. ಗ್ರೂಪಿನ್ಯಾಗ ಹಾಕಿದ್ವಲ್ಲ, ನೀ ನೋಡ್ಲಿಲ್ಲೇನು?"

ಪ್ರಹ್ಲಾದ ನಾಚಿಕೆಯಿಂದ ಫೋಟೊ ಎತ್ತಿಡಲು ಹೋದ. ಬೇರೆ ಫೋಟೊ ತಂದಿರಲಿಲ್ಲ. "ಇರ್ಲಿ ಬಿಡೋ, ಹಾರ ಅಕಿಂದು" ಎಂದು ತಡೆದೆ. ಎಲ್ಲರೂ ಎದ್ದು ಮೌನವಾಗಿ ನಿಂತರು. ನಾನೂ ನನ್ನದೇ ಮುಖಕ್ಕೆ ಕೈಮುಗಿದು ನಿಂತೆ. ಊಟಕ್ಕೆ ಹೋಳಿಗೆ ಮಾಡಿಸಿದ್ದರು. ಎಲೆಯ ಮುಂದೆ ಕೂತವರೆಲ್ಲ ವಿಜಯಾಳ ಮಾತನ್ನೇ ಆಡಿದರು. ನೀನು ಏನು ಮಾಡುತ್ತೀ ಎಂದು ನನ್ನನ್ನು ಯಾರೂ ಕೇಳಲಿಲ್ಲ.

ಸಂಜೆಯೇ ವಾಪಸ್ ಬಸ್ಸು ಹಿಡಿದೆ. ಕಾತ್ರಜದ ಸುರಂಗ ದಾಟುವಾಗ ಪಕ್ಕದ ಸೀಟಿನಲ್ಲಿದ್ದ ನಿಪ್ಪಾಣಿಯ ಹೆಂಗಸು ನನ್ನ ಕೈಗೆ ಒಂದಿಷ್ಟು ಹುರಿದ ಶೇಂಗಾ ಹಾಕುತ್ತ ಕೇಳಿದಳು: "ನೀವ್ ಏನ್ ಮಾಡ್ತೀರಿ, ಅಕ್ಕಾರ?"

ಬೆಚ್ಚಿಬಿದ್ದೆ. ಅದೇ ಪ್ರಶ್ನೆ. ಇವಳ ದನಿಯಲ್ಲಿ ಅಣಕವೇನೂ ಇರಲಿಲ್ಲ, ತಿಳಿದುಕೊಳ್ಳುವ ಆಸೆ ಅಷ್ಟೇ. ವಿಜಯಾಳ ದನಿಯಲ್ಲಿ ಅಣಕ ಇತ್ತೇ? ಅಥವಾ ಬೆಂಚಿನ ಗೆಳತಿ ಅಳುವುದನ್ನು ಕಂಡು ಗಾಬರಿಯಾಗಿ ಕೇಳಿದ್ದಳೇ? ಎಷ್ಟು ನೆನೆದರೂ ಆ ದನಿ ಸಿಗಲಿಲ್ಲ. ಮುಖವನ್ನಾದರೂ ನೆನೆಯೋಣವೆಂದರೆ, ಹಾರದೊಳಗಿನ ನನ್ನ ಮುಖವೇ ಬಂದು ಕೂರುತ್ತಿತ್ತು.

"ಬ್ಲೌಸ್ ಹೊಲೀತೀನ್ರಿ" ಎಂದೆ. ಸ್ವಂತ ಅಂಗಡಿಯ ಮಾತನ್ನು ಅಲ್ಲಿಗೇ ಬಿಟ್ಟೆ.

"ಭಾಳ ಚಲೋ ಆತು ಬಿಡ್ರಿ" ಎಂದು ಆಕೆ ಇನ್ನೊಂದು ಹಿಡಿ ಶೇಂಗಾ ಹಾಕಿದಳು.