ಜಗದಾಂಬಾ ಮೇಡಂ ಜರಡಿ ಹಿಡಿದ ಹೆಸರುಗಳು

ರಾಜಾಜಿನಗರದ ಸಂಘದ ಸಭೆಯಲ್ಲಿ ಕಾರ್ಯದರ್ಶಿ ಶಿವಬಸಪ್ಪನವರು ಲಿಂಗೈಕ್ಯರಾದ ಸದಸ್ಯರ ಪಟ್ಟಿಯನ್ನು ಓದಿ, ಒಂದು ನಿಮಿಷ ಮೌನಕ್ಕೆ ಕರೆ ಕೊಟ್ಟರು. ಎಲ್ಲರೂ ಎದ್ದು ನಿಂತರು. ಪಟ್ಟಿಯ ಕೊನೆಯಲ್ಲಿ ಹೆಸರಿದ್ದ ವಿಜಯನಗರದ ಶಂಭುಲಿಂಗಪ್ಪನವರೂ ಮುಂದಿನ ಸಾಲಿನಲ್ಲಿ ಕೈಕಟ್ಟಿ ತಲೆತಗ್ಗಿಸಿ ನಿಂತರು. ಕಾರ್ಯದರ್ಶಿಗೆ ಆ ಒಂದು ನಿಮಿಷ ಒಂದು ವರ್ಷವಾಯಿತು.

ಅದಾಗಿ ಮೂರು ವಾರಕ್ಕೆ ಶಂಭುಲಿಂಗಪ್ಪನವರ ಕೆನ್ನೆ ಒಳಹೋಗಿತ್ತು. "ಸಂತಾಪದ ಪತ್ರ ಬಂತು ಶಿವಬಸಪ್ಪ, ನಾನೇ ಸಹಿ ಹಾಕಿ ತಗೊಂಡೆ. ನಿನ್ನೆ ಹೊಸಹಳ್ಳಿ ಸ್ಟಾಪಲ್ಲಿ ಕೈ ಅಡ್ಡ ಹಿಡಿದ್ರೂ ಬಸ್ಸು ನಿಲ್ಲಲಿಲ್ಲ."

"ಅದು ನನಗೂ ನಿಲ್ಲಲ್ಲ ಸಾರ್."

"ಕಂಡಕ್ಟರ್ ನಾನಲ್ಲಿ ಇಲ್ವೇ ಇಲ್ಲ ಅನ್ನೋ ಹಾಗೆ ಆಚೆ ನೋಡ್ದ."

ಆ ಪಟ್ಟಿಯೂ ಸೇರಿದ್ದ ಸಂಘದ ಸದಸ್ಯರ ಡೈರೆಕ್ಟರಿಯ ಸಿ.ಡಿ. ಅಂದೇ ಸಂಜೆ ಬಿನ್ನಿಪೇಟೆಯ ಪ್ರೆಸ್ಸಿಗೆ ಹೋಗಬೇಕಿತ್ತು. ಅಚ್ಚಾದರೆ ಸತ್ತಂತೆಯೇ ಎಂದು ಶಂಭುಲಿಂಗಪ್ಪನವರು ಪಟ್ಟು ಹಿಡಿದರು. ಶಿವಬಸಪ್ಪ ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಸವೇಶ್ವರನಗರಕ್ಕೆ ಹೊರಟರು. ಹಿಂದೆ ಭಾರವೇ ಇಲ್ಲವೆನಿಸಿ ದಾರಿಯಲ್ಲಿ ಎರಡು ಸಲ ತಿರುಗಿ ನೋಡಿದರು.

ಪಟ್ಟಿ ತಯಾರಿಸಿದವರು ಅಲ್ಲಿದ್ದ ಜಗದಾಂಬಾ. ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ದುಡಿದು, ೨೦೦೧ರಲ್ಲಿ ಸ್ವಯಂನಿವೃತ್ತಿ ಪಡೆದು, ಮನೆಯ ಮುಂದಿನ ಕೋಣೆಯಲ್ಲಿ ಕಪ್ಪು ಪರದೆಯ ಒಂದು ಕಂಪ್ಯೂಟರ್ ಇಟ್ಟುಕೊಂಡಿದ್ದರು. ಅದರಲ್ಲಿ ಬಣ್ಣವಿಲ್ಲ, ಚಿತ್ರವಿಲ್ಲ, ಮೌಸ್ ಕೂಡ ಇಲ್ಲ. ಯಾರೋ ಹೇಗೋ ಟೈಪ್ ಮಾಡಿದ ಹೆಸರು ವಿಳಾಸಗಳ ಗೊಂದಲದ ಫೈಲು ಕೊಟ್ಟರೆ, ಕಂಪ್ಯೂಟರಿಗೆ ಅಪ್ಪಣೆ ಕೊಡುವ ನಾಲ್ಕೈದು ಸಾಲಿನ ಶೆಲ್ ಸ್ಕ್ರಿಪ್ಟ್ ಬರೆದು ಅದನ್ನು ಜರಡಿ ಹಿಡಿದು ಕಾಲಂ ಕಾಲಂ ಮಾಡಿ ಕೊಡುತ್ತಿದ್ದರು. ಸ್ಕ್ರಿಪ್ಟ್ ಓಡುವಾಗ ಹಿತಕಿದ ಅವರೆಬೇಳೆ ಮಾಡುತ್ತಿದ್ದರು. ಬೇಸಿಗೆಯಲ್ಲೂ ಸ್ವೆಟರ್. ಮಾತು ಕೂಡ ಸ್ಕ್ರಿಪ್ಟಿನಷ್ಟೇ ಚಿಕ್ಕದು.

"ಅಳಿಸಿಬಿಟ್ರಲ್ಲ ತಾಯಿ ನನ್ನನ್ನ!" ಎಂದರು ಶಂಭುಲಿಂಗಪ್ಪ.

"ನಾನು ಯಾರನ್ನೂ ಅಳಿಸಲ್ಲ ಸಾರ್. ಜಾಗ ಬದಲಾಯಿಸ್ತೀನಿ."

ಆಕೆ ಏನೋ ಒತ್ತಿದರು. ಹೆಸರುಗಳು ಪರದೆಯ ಕೆಳಗಿನಿಂದ ಒಂದೊಂದಾಗಿ ಎದ್ದು, ಮೇಲೇರಿ, ಕಾಣೆಯಾದವು. ಎಲ್ಲ ಲಿಂಗೈಕ್ಯರು. ಶಂಭುಲಿಂಗಪ್ಪನವರು ಪರಿಚಯದವರು ಹಾದುಹೋದಾಗಲೆಲ್ಲ ಅಭ್ಯಾಸಬಲದಿಂದ ಕೈ ಮುಗಿದರು. ಕೊನೆಗೆ ಒಂದು ಸಾಲು ನಿಂತಿತು: ಶಂಭುಲಿಂಗಪ್ಪ, ತಂದೆ ವೀರೇಶ, ಮರಣ ೧೯೭೧. ಪಕ್ಕದಲ್ಲಿ ವಿಜಯನಗರದ ವಿಳಾಸ, ಮೊಬೈಲ್ ನಂಬರು.

"ನಮ್ಮ ತಾತ!"

ಧೈರ್ಯಸ್ಥರೆನಿಸಿಕೊಳ್ಳಲು ಶಿವಬಸಪ್ಪ ಆ ನಂಬರಿಗೆ ಫೋನ್ ಮಾಡಿದರು. ಶಂಭುಲಿಂಗಪ್ಪನವರ ಜೇಬು ರಿಂಗಾಯಿತು. ಮೂವರಲ್ಲಿ ಯಾರೂ ಎತ್ತಲಿಲ್ಲ.

ಆ ಮನೆತನದಲ್ಲಿ ಮೊಮ್ಮಗನಿಗೆ ತಾತನ ಹೆಸರೇ. ಶಂಭುಲಿಂಗಪ್ಪನ ಮಗ ವೀರೇಶ, ವೀರೇಶನ ಮಗ ಶಂಭುಲಿಂಗಪ್ಪ, ತಲೆಮಾರುಗಳಿಂದ ಹೀಗೆ. ತಾತ ಮೊಮ್ಮಗ ಇಬ್ಬರ ಹೆಸರೂ ಒಂದೇ, ತಂದೆಯ ಹೆಸರೂ ಒಂದೇ, ಮನೆತನವೂ ಒಂದೇ. ಒಬ್ಬರನ್ನೇ ಎರಡು ಸಲ ಬರೆದಿದ್ದಾರೆಂದು ತಿಳಿದ ಸ್ಕ್ರಿಪ್ಟು ತಾತನ ಸಾಲನ್ನು ಉಳಿಸಿ, ಮೊಮ್ಮಗನ ವಿಳಾಸ, ಫೋನು ಕಿತ್ತು ಅದಕ್ಕೆ ಹೊಲಿದಿತ್ತು.

"ಹುಟ್ಟಿದ ವರ್ಷಾನೂ ಹೋಲಿಸು ಅಂತ ಸೇರಿಸ್ತೀನಿ," ಎಂದು ಜಗದಾಂಬಾ ಸ್ಕ್ರಿಪ್ಟ್ ತಿದ್ದಿ ಓಡಿಸಿದರು. ಬದುಕಿರುವವರು ೨೪೧೬. ಮೊದಲೂ ಅಷ್ಟೇ.

ಮುದುಕರ ಕೈ ಟೇಬಲ್ಲಿನ ಅಂಚನ್ನು ಹಿಡಿಯಿತು. ಆ ಕೈ ತಣ್ಣಗಿದೆಯೇ ಎಂದು ಮುಟ್ಟಿ ನೋಡುವ ಆಸೆ ಶಿವಬಸಪ್ಪನವರಿಗೆ. ಮುಟ್ಟಲಿಲ್ಲ. ತಣ್ಣಗಿದ್ದರೆ ಸ್ಕೂಟರಿನಲ್ಲಿ ವಾಪಸ್ ಕರೆದೊಯ್ಯಬೇಕಲ್ಲ!

"ಇಬ್ಬರದೂ ಹುಟ್ಟಿದ ವರ್ಷ ಖಾಲಿ ಇದೆ," ಎಂದರು ಜಗದಾಂಬಾ, ಪರದೆ ನೋಡುತ್ತಲೇ. "ಯಾವಾಗ ಹುಟ್ಟಿದ್ರಿ?"

"ಮೂವತ್ತೆಂಟು. ಅಂತ ಅಮ್ಮ ಹೇಳ್ತಿದ್ಳು," ಎಂದ ಶಂಭುಲಿಂಗಪ್ಪನವರಿಗೆ ಈಗ ಅದರ ಮೇಲೂ ನಂಬಿಕೆಯಿದ್ದಂತಿರಲಿಲ್ಲ.

ಆಕೆ ಮೊಮ್ಮಗನ ಸಾಲಿನಲ್ಲಿ ೧೯೩೮ ಎಂದು ಒತ್ತಿ ಮತ್ತೆ ಓಡಿಸಿದರು. ಹೆಸರುಗಳು ಹರಿದವು, ಹರಿದವು, ನಿಂತವು. ೨೪೧೭.

ಶಂಭುಲಿಂಗಪ್ಪನವರು ದೀರ್ಘವಾಗಿ ಉಸಿರೆಳೆದರು. ಆ ಸದ್ದು ಕೇಳಿ ಶಿವಬಸಪ್ಪನವರಿಗೂ ಸಮಾಧಾನವಾಯಿತು.

"ಹಾಗಾದ್ರೆ ತಾಯಿ, ಈಗ ನಾನು ಬದುಕಿರೋರ ಕಡೆ ಬಂದ್ನಾ?"

"ಬಂದ್ರಿ," ಎಂದರು ಜಗದಾಂಬಾ. "ಇನ್ನೂ ಸೇವ್ ಮಾಡಿಲ್ಲ. ಒಂದ್ನಿಮಿಷ ಅಲ್ಲಾಡಬೇಡಿ."